ಸಾಲು ಕಾಯಲಿ, ಮೊದಲ ಬ್ರೆಡ್ ನಮ್ಮದು

ಮಾರ್ಚ್ ೨

ನನ್ನ ಓಟಗಾತಿಗೆ,

ಬಂದು ಸೇರಿದೆ. ನಿನ್ನ ಅಮ್ಮ ಬಾಗಿಲಲ್ಲೇ ತಬ್ಬಿಕೊಂಡು ಅತ್ತಳು. ಮೂಗು ಕೆಟ್ಟಿದ್ದು ನನಗೆ, ಮೂಗು ಸುರಿಸಿದ್ದು ಅವಳು! ನನ್ನ ತಂಗಿ ಚಿಕ್ಕವಳಿದ್ದಾಗಲೂ ಹೀಗೇ, ನಾನು ಬಿದ್ದರೆ ಅವಳೇ ಮೊದಲು ಅಳುತ್ತಿದ್ದಳು. ಅವಳಿಗೆ ಸಮಾಧಾನ ಹೇಳುವಷ್ಟರಲ್ಲಿ ನನ್ನ ನೋವು ಮರೆತೇ ಹೋಗುತ್ತಿತ್ತು.

ಬಸ್ಸು ಹೊರಡುವಾಗ ನೀನು ಕೂಗಿ ಕೇಳಿದೆ, "ಫೋನ್ ಮಾಡಿದ್ರೆ ಸಾಕಲ್ವಾ ದೊಡ್ಡಮ್ಮ, ಪತ್ರ ಯಾಕೆ?" ಅಂತ. ಉತ್ತರ ಈಗ ಕೊಡುತ್ತೇನೆ. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತಲೇ ಇನ್ನೊಂದು ಕೈಯಲ್ಲಿ ಮತ್ತೇನೋ ಮಾಡುತ್ತಿರುತ್ತೀ. ನನ್ನ ಕಿವಿ ಇನ್ನೂ ಚೆನ್ನಾಗಿದೆ ಕಣೇ. ನೀನು ಕಂಪ್ಯೂಟರ್ ಕುಟ್ಟುವುದು ಕೇಳಿಸುತ್ತದೆ, ಪೆಟ್ಟಿಗೆಗೆ ಟೇಪು ಹಚ್ಚುವುದು ಕೇಳಿಸುತ್ತದೆ, ಒಮ್ಮೆಯಂತೂ ಹಲ್ಲುಜ್ಜುತ್ತಾ ನನ್ನ ಆರೋಗ್ಯ ವಿಚಾರಿಸಿದ್ದೆ. ಬರೆಯುವಾಗ ಕೈ ಒಂದೇ ಕೆಲಸ ಮಾಡಬೇಕು. ಅಷ್ಟು ಹೊತ್ತಾದರೂ ನೀನು ಪೂರ್ತಿಯಾಗಿ ನನಗೆ ಸಿಗುತ್ತೀ.

ನಮ್ಮ ಒಪ್ಪಂದವನ್ನು ಕಾಗದದ ಮೇಲೆ ಹಾಕಿಬಿಡುತ್ತೇನೆ, ಆಮೇಲೆ ಹಾಗೆ ಹೇಳಿರಲಿಲ್ಲ ಅನ್ನಬಾರದು. ಆ ಹಾಳು ಜ್ವರ ನನ್ನ ವಾಸನೆಯನ್ನೂ ರುಚಿಯನ್ನೂ ಎತ್ತಿಕೊಂಡು ಹೋಗಿದೆ. ಇಲ್ಲಿನ ಡಾಕ್ಟರು ಜೂನ್ ಕೊನೆಯವರೆಗೆ ನೋಡೋಣ ಎಂದಿದ್ದಾರೆ. ನೀನು ಪಾರ್ಸೆಲ್ ಗೋದಾಮಿನ ಕೆಲಸಕ್ಕೆ ರಜೆ ಹಾಕಿ ಅಲ್ಲಿಯವರೆಗೆ ನನ್ನ ಬೇಕರಿ ನೋಡಿಕೊಳ್ಳುತ್ತೀ. ಮೂಗು ಬಂದರೆ ನಾನೂ ಬರುತ್ತೇನೆ. ಬಾರದಿದ್ದರೆ ಪಕ್ಕದ ಫೋನ್ ಅಂಗಡಿಯವನು ಕೇಳುತ್ತಲೇ ಇದ್ದಾನೆ, ಅವನಿಗೆ ಮಾರಿಬಿಡುತ್ತೇನೆ. ಹಿಟ್ಟು ಹುಳಿ ಹೆಚ್ಚಾಯಿತೋ, ಬ್ರೆಡ್ ಸೀಯುತ್ತಿದೆಯೋ ತಿಳಿಯದವಳು ಭಟ್ಟಿಯ ಮುಂದೆ ನಿಂತು ಏನು ಮಾಡಬೇಕು? ಜೂನ್ ಮುಗಿದ ಮೇಲೆ ಉತ್ತರ ಹೇಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದೇನೆ.

ಇನ್ನೊಂದು ಷರತ್ತು. ಸಂಜೆ ನಾಲ್ಕಕ್ಕೆ ಭಟ್ಟಿಯಿಂದ ಬರುವ ಮೊದಲ ಬ್ರೆಡ್ ಮಾರುವುದಕ್ಕಲ್ಲ. ಹೊರಗೆ ಸಾಲು ಎಷ್ಟೇ ಉದ್ದವಿರಲಿ, ನೀವೆಲ್ಲ ಕೈ ಒರೆಸಿಕೊಂಡು ಮೇಜಿನ ಸುತ್ತ ನಿಂತು, ಅದನ್ನು ಮುರಿದು, ತಿಂದು ಮುಗಿಸಬೇಕು. ಬಾಗಿಲು ತೆರೆಯುವುದು ಆಮೇಲೆ. ಅದು ಹೇಗಿತ್ತು ಎಂದು ನನಗೆ ಬರೆಯಬೇಕು. ನನಗೆ ಈಗ ಅಷ್ಟೇ ದಾರಿ.

ನಿನ್ನ,
ದೊಡ್ಡಮ್ಮ


ಮಾರ್ಚ್ ೯

ದೊಡ್ಡಮ್ಮನಿಗೆ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿರು. ಸಮಯ ಕಡಿಮೆ, ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ನಿನ್ನ ಪೈಲ್ವಾನ. ಊದಿದರೆ ಹಾರಿಹೋಗುವ ಆ ಕಡ್ಡಿಗೆ ಪೈಲ್ವಾನ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರು? ನೀರು ಅಳೆಯುವುದು, ಹಿಟ್ಟು ಸುರಿಯುವುದು, ಉಪ್ಪು ಹಾಕುವುದು, ಯಂತ್ರಕ್ಕೆ ಬಿಡುವುದು, ಕೊನೆಗೆ ಕೈಯಲ್ಲಿ ನಾದುವುದು, ಎಲ್ಲ ಒಬ್ಬನೇ, ಅದೂ ಹಾಡಿಕೊಂಡು. ಹಾಡು ಮುಗಿಯದೆ ಹಿಟ್ಟು ಮುಗಿಯುವುದಿಲ್ಲ. ನಿನ್ನ ಭಟ್ಟಿಯಕ್ಕನೋ, ಸೌದೆ ಒಟ್ಟಿದ ಮೇಲೆ ಭಟ್ಟಿಯ ಬಾಯಿಯನ್ನೇ ನೋಡುತ್ತಾ ಕೂತಿರುತ್ತಾಳೆ. "ಏನಕ್ಕ ನೋಡ್ತಿದೀರ?" ಅಂದರೆ "ಬೆಂಕೀನ" ಅನ್ನುತ್ತಾಳೆ. ಗೋದಾಮಿನಲ್ಲಾಗಿದ್ದರೆ ಇಬ್ಬರಿಗೂ ಎರಡನೇ ದಿನವೇ ಕರೆದು ಬುದ್ಧಿ ಹೇಳುತ್ತಿದ್ದೆ.

ಮುಖ್ಯ ವಿಷಯ ಮೊದಲ ಬ್ರೆಡ್. ದೊಡ್ಡಮ್ಮ, ಒಂದು ಸಲ ಯೋಚಿಸು. ಆಫೀಸು ಬಿಟ್ಟವರು, ಮಕ್ಕಳನ್ನು ಕರೆದುಕೊಂಡು ಬಂದವರು, ಆ ಕನ್ನಡಕದ ಮೇಷ್ಟ್ರು, ಎಲ್ಲರೂ ಗಾಜಿನಾಚೆ ಸಾಲಾಗಿ ನಿಂತು ನೋಡುತ್ತಿದ್ದಾರೆ. ನಾವು ಒಳಗೆ ನಿಂತು ಅವರ ಕಣ್ಣೆದುರೇ ತಿನ್ನುತ್ತಿದ್ದೇವೆ. ನಾನು ನಾಚಿಕೆಯಿಂದ ಗಾಜಿಗೆ ಬೆನ್ನು ತಿರುಗಿಸಿ ತಿಂದೆ. ಇಡೀ ದಿನದಲ್ಲಿ ಅತಿ ಹೆಚ್ಚು ಗಿರಾಕಿ ಇರುವ ಹೊತ್ತು ಅದು. ಆ ಹೊತ್ತಿಗೇ ನಾವು ಕೈಕಟ್ಟಿ ನಿಲ್ಲುವುದು ಯಾವ ವ್ಯಾಪಾರ?

ಮೊದಲ ಬ್ರೆಡ್ ಚೆನ್ನಾಗಿತ್ತು.

ಇಂತಿ,
ಓಟಗಾತಿ


ಮಾರ್ಚ್ ೧೬

ಓಟಗಾತಿ,

ಪತ್ರ ಬಂತು. ಪತ್ರ ಅನ್ನುವುದಕ್ಕಿಂತ ಪಾರ್ಸೆಲ್ ರಸೀದಿ ಬಂತು ಅನ್ನಬೇಕು.

ಪೈಲ್ವಾನನ ಹಾಡಿನ ಬಗ್ಗೆ ದೂರು ಹೇಳುತ್ತೀಯಲ್ಲ, ಎಷ್ಟು ನಾದಬೇಕು ಎನ್ನುವುದಕ್ಕೆ ಅವನ ಹತ್ತಿರ ಇರುವುದು ಅದೊಂದೇ ಗಡಿಯಾರ. ಬೇಸಿಗೆಗೊಂದು ಹಾಡು, ಚಳಿಗೊಂದು ಹಾಡು. ಚಳಿಯ ಹಾಡು ಸ್ವಲ್ಪ ಉದ್ದ. ಸ್ವರ ಮಾತ್ರ ಯಾವ ಕಾಲದಲ್ಲೂ ಸರಿಯಿರುವುದಿಲ್ಲ, ಅದನ್ನು ಸಹಿಸಿಕೋ.

"ಚೆನ್ನಾಗಿತ್ತು" ಅಂದರೆ ಏನೇ? ಹವಾಮಾನ ಚೆನ್ನಾಗಿತ್ತು, ಪ್ರಯಾಣ ಚೆನ್ನಾಗಿತ್ತು, ಸಿನಿಮಾ ಚೆನ್ನಾಗಿತ್ತು. ನನ್ನ ಬ್ರೆಡ್ಡಿಗೂ ಅದೇ ಮಾತೇ? ಇಲ್ಲಿ ನನಗೆ ಎಲ್ಲ ತಿಂಡಿಯೂ ಒದ್ದೆ ಕಾಗದ ಅಗಿದ ಹಾಗಿದೆ. ಒಂದು ಲಾಭವೂ ಆಗಿದೆ, ನಿನ್ನ ಅಮ್ಮನ ಅಡುಗೆಯನ್ನು ಜೀವನದಲ್ಲಿ ಮೊದಲ ಸಲ ಒಂದು ಮಾತೂ ಆಡದೆ ಉಣ್ಣುತ್ತಿದ್ದೇನೆ. ಅವಳು ಅದನ್ನು ಹೊಗಳಿಕೆ ಎಂದು ತಿಳಿದು ಹಿಗ್ಗಿ, ಇನ್ನಷ್ಟು ಬಡಿಸುತ್ತಿದ್ದಾಳೆ.

ಡಾಕ್ಟರು ನಾಲ್ಕು ಪುಟ್ಟ ಸೀಸೆ ಕೊಟ್ಟಿದ್ದಾರೆ. ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ. ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸುತ್ತಾ, ಅದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಬೇಕಂತೆ. ಮೂಗು ದಾರಿ ಮರೆತಿದೆ, ನೆನಪಿಸಿದರೆ ಬಂದರೂ ಬರಬಹುದು ಅನ್ನುತ್ತಾರೆ. ಕಿಟಕಿಯ ಹತ್ತಿರ ಕೂತು ಮೂಸುತ್ತೇನೆ. ಸದ್ಯಕ್ಕೆ ನಾಲ್ಕರಲ್ಲೂ ಗಾಳಿ ತುಂಬಿದೆ. ಇತರರ ವಿಷಯದಲ್ಲಿ ತೂರಿಸುವುದಕ್ಕೆ ಬಿಟ್ಟರೆ ಈ ಮೂಗಿನಿಂದ ಬೇರೆ ಉಪಯೋಗ ಕಾಣುತ್ತಿಲ್ಲ.

ಅದಕ್ಕೇ ಕೇಳುವುದು. ಮುಂದಿನ ಪತ್ರದಲ್ಲಿ ಸರಿಯಾಗಿ ಬರಿ.

ದೊಡ್ಡಮ್ಮ


ಮಾರ್ಚ್ ೨೮

ದೊಡ್ಡಮ್ಮನಿಗೆ,

ಪತ್ರ ತಡವಾಯಿತು, ಕೆಲಸ ಜಾಸ್ತಿ. ಇಲ್ಲಿ ಎಲ್ಲ ಸುಸೂತ್ರ. ಕೆಲಸ ಹಂಚಿದ್ದೇನೆ. ಅಳೆದು ಸುರಿಯುವುದು ನಾನು, ನಾದುವುದು ಪೈಲ್ವಾನ, ಬೇಯಿಸುವುದು ಭಟ್ಟಿಯಕ್ಕ. ನಾಲ್ಕಕ್ಕೆ ಸರಿಯಾಗಿ ಬಾಗಿಲು ತೆರೆಯುತ್ತಿದೆ. ಸಾಲು ಬೇಗ ಕರಗುತ್ತಿದೆ. ಫೋನ್ ಅಂಗಡಿಯವನೂ ಬಂದು ನೋಡಿ, "ಪರವಾಗಿಲ್ವೇ, ಈಗ ಅಂಗಡಿ ಅಂಗಡಿ ಥರ ಇದೆ" ಎಂದ.

ಮೊದಲ ಬ್ರೆಡ್ ಬಿಸಿಯಾಗಿ, ಮೃದುವಾಗಿ, ಘಮಘಮ ಎನ್ನುತ್ತಾ ತುಂಬಾ ರುಚಿಯಾಗಿತ್ತು.

ಓಟಗಾತಿ


ಏಪ್ರಿಲ್ ೬

ದೊಡ್ಡಮ್ಮ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಹೇಳದೆ ಇದ್ದರೆ ಇವತ್ತು ಊಟ ಸೇರುವುದಿಲ್ಲ.

ಹೋದ ಪತ್ರದಲ್ಲಿ ಬರೆದ ಘಮಘಮ ಸುಳ್ಳು. ಮೊದಲ ಬ್ರೆಡ್ ತಿನ್ನುವುದನ್ನು ನಾನು ಎರಡನೇ ವಾರವೇ ನಿಲ್ಲಿಸಿದ್ದೆ. ಪೈಲ್ವಾನ ಹಾಡು ನಿಲ್ಲಿಸಿದ. ಭಟ್ಟಿಯಕ್ಕ, "ದೊಡ್ಡಮ್ಮ ಒಪ್ಕೊಂಡ್ರಾ?" ಎಂದು ಒಂದೇ ಸಲ ಕೇಳಿದಳು. ಹೂಂ ಎಂದುಬಿಟ್ಟೆ.

ಮೊನ್ನೆ ಇಡೀ ಭಟ್ಟಿ ಬ್ರೆಡ್ಡಿಗೆ ಉಪ್ಪೇ ಬಿದ್ದಿರಲಿಲ್ಲ. ಅಳತೆಯೆಲ್ಲ ನನ್ನದು ಎಂದು ಪೈಲ್ವಾನ ತಿಳಿದಿದ್ದ. ಉಪ್ಪು ಮಾತ್ರ ನಾದುವಾಗ ಅವನೇ ಹಾಕುತ್ತಾನೆ ಎಂದು ನಾನು ತಿಳಿದಿದ್ದೆ. ಅಷ್ಟು ದಿನ ಹೇಗೋ ಒಬ್ಬರಲ್ಲ ಒಬ್ಬರು ಕೇಳಿಕೊಂಡು ಹಾಕಿದ್ದೆವು. ಅವತ್ತು ನಾನು ಫೋನಿನಲ್ಲಿ ಗೋದಾಮಿನವರ ಜೊತೆ ಮಾತಾಡುತ್ತಿದ್ದೆ, ಅವನು ಕೇಳಲಿಲ್ಲ. ಯಾರೂ ಒಂದು ಚೂರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಕೊನೆಯ ಬ್ರೆಡ್ಡಿನವರೆಗೂ ಮಾರಿದೆವು. ಎಷ್ಟು ಬೇಗ ಮುಗಿಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ತಿಳಿದದ್ದು ಮನೆಗೆಂದು ಎತ್ತಿಟ್ಟಿದ್ದ ಒಂದನ್ನು ರಾತ್ರಿ ಮುರಿದು ತಿಂದಾಗ.

ಮರುದಿನ ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ. ಸಾಲಿನಲ್ಲಿ ಮೊದಲು ಆ ಕನ್ನಡಕದ ಮೇಷ್ಟ್ರು. ಹಿಂದೆ ಯೂನಿಫಾರ್ಮಿನಲ್ಲೇ ಬರುವ ಬಸ್ ಡ್ರೈವರಮ್ಮ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನೆ ಬ್ರೆಡ್ ಬಾಯಿಗಿಟ್ಟು ನಾವು ಗಂಡ ಹೆಂಡ್ತಿ ಮುಖ ಮುಖ ನೋಡ್ಕೊಂಡ್ವಮ್ಮ. ಇಷ್ಟು ವರ್ಷದಲ್ಲಿ ಹೀಗಾಗಿದ್ದಿಲ್ಲ. ನಿಮ್ಮ ದೊಡ್ಡಮ್ಮ... ಇದಾರಲ್ವಾ?" ಎಂದರು. ಡ್ರೈವರಮ್ಮ ಹಿಂದಿನಿಂದ, "ನೀವು ಒಳಗೆ ನಿಂತು ತಿನ್ನೋದು ಬಿಟ್ಟಾಗ್ಲೇ ನಂಗೆ ಅನುಮಾನ ಬಂತು, ಏನೋ ಸರಿಯಿಲ್ಲ ಅಂತ" ಎಂದಳು.

ಯಾರೂ ಬೈಯಲಿಲ್ಲ ದೊಡ್ಡಮ್ಮ. ಎಲ್ಲರೂ ನೀನು ಹೇಗಿದ್ದೀ ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗದೆ ಹಿಟ್ಟಿನ ಕೋಣೆಗೆ ಹೋಗಿ ಅತ್ತೆ.

ನಿನ್ನೆಯಿಂದ ಸರಿಪಡಿಸಿದ್ದೇನೆ. ಮೊದಲ ಬ್ರೆಡ್ಡಿನಿಂದ ಒಂದು ಚೂರು ತೆಗೆದು ಭಟ್ಟಿಯಕ್ಕ ಉಪ್ಪು ನೋಡುತ್ತಾಳೆ, ಸರಿ ಎಂದ ಮೇಲೆ ಬಾಗಿಲು ತೆರೆಯುತ್ತೇವೆ. ಆ ಪದ್ಧತಿ ಯಾಕಿತ್ತು ಎಂದು ಈಗ ಅರ್ಥವಾಯಿತು. ಕ್ಷಮಿಸು.

ನಿನ್ನ ಓಟಗಾತಿ


ಏಪ್ರಿಲ್ ೧೪

ಓಟಗಾತಿ,

ನಿನ್ನ ಪತ್ರ ಓದಿ ನಾನು ನಕ್ಕ ರಭಸಕ್ಕೆ ನಿನ್ನ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದಳು. ಊರಿಗೆಲ್ಲ ಸಪ್ಪೆ ಬ್ರೆಡ್ ತಿನ್ನಿಸಿ ನನ್ನ ಸಾಲಿಗೆ ಸೇರಿಸಿದೆಯಲ್ಲೇ! ಒಂದು ದಿನವಾದರೂ ಅವರಿಗೂ ನನ್ನ ಕಷ್ಟ ತಿಳಿಯಿತು.

ಘಮಘಮ ಸುಳ್ಳು ಎಂದು ನನಗೆ ಗೊತ್ತಿತ್ತು. ನಮ್ಮ ಬ್ರೆಡ್ಡಿನ ಮೇಲ್ಪದರ ಮೃದುವಲ್ಲ, ಗಟ್ಟಿ. ಮುರಿದರೆ ಚೂರು ಹಾರಿ ಅಂಗಿಯ ಮೇಲೆಲ್ಲ ಬೀಳುತ್ತದೆ. ತಿಂದವಳು ಬರೆಯುವ ಮಾತಲ್ಲ ಅದು. ನೀನಾಗಿ ಹೇಳುತ್ತೀಯೋ ನೋಡೋಣ ಎಂದು ಸುಮ್ಮನಿದ್ದೆ. ಹೇಳಿದೆ, ಸಂತೋಷ.

ಆದರೆ ಈಗಲೂ ನಿನಗೆ ಅರ್ಥವಾಗಿಲ್ಲ. ಉಪ್ಪು ನೋಡುವುದಕ್ಕೆ ಒಂದು ಚೂರು ಸಾಕು, ಅಷ್ಟಕ್ಕೆ ಎಲ್ಲರೂ ಕೆಲಸ ಬಿಟ್ಟು ನಿಲ್ಲಬೇಕೇ?

ನಿನ್ನ ದೊಡ್ಡಪ್ಪ ಮತ್ತು ನಾನು ಆ ಬೇಕರಿ ಹಾಕಿದ ಹೊಸದರಲ್ಲಿ ದುಡಿದ ಹಾಗೆ ನೀನೂ ದುಡಿದಿಲ್ಲ, ನಿನ್ನ ಗೋದಾಮೂ ದುಡಿದಿಲ್ಲ. ಬೇಯಿಸುವುದು, ಮಾರುವುದು, ತೊಳೆಯುವುದು, ಮತ್ತೆ ಹಿಟ್ಟು ಕಲಸುವುದು. ಮನೆಗೆ ಬಂದರೆ ಮಾರಾಟವಾಗದೆ ಉಳಿದ, ಕಲ್ಲಿನಂಥ ಬ್ರೆಡ್ಡನ್ನು ಟೀಯಲ್ಲಿ ಅದ್ದಿ ತಿನ್ನುವುದು. ವರ್ಷಗಟ್ಟಲೆ ಹೀಗೇ. ಒಂದು ಸಂಜೆ ಹೊರಗೆ ಒಂದು ಪುಟ್ಟ ಹುಡುಗಿ ಬಿಸಿ ಬ್ರೆಡ್ ಮುರಿದು ಬಾಯಿಗಿಟ್ಟುಕೊಂಡು, ಸುಟ್ಟಿತೆಂದು ಕುಣಿಯುತ್ತಾ ನಗುತ್ತಿದ್ದಳು. ನಿನ್ನ ದೊಡ್ಡಪ್ಪ ಗಾಜಿನ ಹಿಂದಿನಿಂದ ನೋಡುತ್ತಾ ನಿಂತುಬಿಟ್ಟರು. "ಅಲ್ವೇ, ನಾವು ಮಾಡಿದ್ದು ಬಿಸಿಬಿಸಿ ಇದ್ದಾಗ ಹೇಗಿರುತ್ತೆ ಅಂತ ನಮಗೇ ಗೊತ್ತಿಲ್ವಲ್ಲೇ" ಎಂದರು.

ಮರುದಿನ ಸಾಲು ಕಾಯುತ್ತಿತ್ತು. ಅವರು ಮೊದಲ ಬ್ರೆಡ್ಡನ್ನು ಎತ್ತಿ ಮೇಜಿನ ಮೇಲಿಟ್ಟು ಬಾಗಿಲ ಚಿಲಕ ಹಾಕಿದರು. "ಇದು ನಮ್ದು" ಎಂದರು. ಅಷ್ಟೇ ಕಣೇ, ಇದರಲ್ಲಿ ಬೇರೆ ಉಪಾಯ ಇಲ್ಲ. ಅವರು ಹೋಗಿ ಇಷ್ಟು ವರ್ಷವಾಯಿತು. ನಾವು ಕಟ್ಟಿದ ಮನೆ, ಮಾಡಿದ ಯಾತ್ರೆ ಯಾವುದೂ ನನಗೆ ಅಷ್ಟಾಗಿ ನೆನಪಾಗುವುದಿಲ್ಲ. ಬಾಯಿ ತುಂಬ ಬಿಸಿ ಬ್ರೆಡ್ ಇಟ್ಟುಕೊಂಡು ಹೂಂ ಹೂಂ ಅನ್ನುತ್ತಿದ್ದ ಅವರ ಮುಖ ನೆನಪಾಗುತ್ತದೆ.

ಸೀಸೆಗಳು ಹಾಗೇ ಇವೆ. ಇವತ್ತು ನಿಂಬೆಯದನ್ನು ಮೂಸಿ ಏನೂ ತಿಳಿಯದೆ ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅತ್ತೆ. ಬೇಕರಿಗೆ ಮರಳಲಾರೆ ಎನ್ನುವ ಭಯ ಈಗ ಹಗಲೂ ಬಿಡುವುದಿಲ್ಲ.

ನನಗಾಗಿ ಒಂದು ಕೆಲಸ ಮಾಡು. ಫೋನು ಡ್ರಾಯರಿಗೆ ಹಾಕು. ಎಲ್ಲರ ಜೊತೆ ನಿಂತು ತಿನ್ನು. ಆಮೇಲೆ ಬರಿ.

ದೊಡ್ಡಮ್ಮ


ಮೇ ೨

ನನ್ನ ದೊಡ್ಡಮ್ಮನಿಗೆ,

ಈ ಪತ್ರ ಉದ್ದವಾಗುತ್ತದೆ. ಟೀ ಮಾಡಿಕೊಂಡು ಕೂತು ಓದು. ಟೀ ನಿನಗೆ ಬಿಸಿನೀರಿನ ಹಾಗಿದ್ದರೂ ಪರವಾಗಿಲ್ಲ, ಲೋಟ ಬೆಚ್ಚಗಿರುತ್ತದೆ.

ನೀನು ಹೇಳಿದ ಹಾಗೆ ಮೊದಲ ಬ್ರೆಡ್ ಮತ್ತೆ ಶುರು ಮಾಡಿದೆ. ಪೈಲ್ವಾನನಿಗೆ ಹಿಟ್ಟಿನ ಕೆಲಸವನ್ನೆಲ್ಲ ವಾಪಸು ಕೊಟ್ಟೆ, ಉಪ್ಪಿನ ಸಮೇತ. ಮರುದಿನವೇ ಹಾಡು ಬಂತು. ಸ್ವರ ಇನ್ನೂ ಕೆಟ್ಟಿದೆ. ಮೊದಮೊದಲು ನಿಂತು ತಿನ್ನುವಾಗ ನನ್ನ ಕಾಲು ಬಾಗಿಲ ಕಡೆಗೇ ಎಳೆಯುತ್ತಿತ್ತು. ಹೊರಗಿನ ಸಾಲು, ಒಳಗಿನ ಲೆಕ್ಕ, ನಾಳೆಯ ಹಿಟ್ಟು, ಎಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಬಾಯಲ್ಲಿ ಬ್ರೆಡ್ ಇದೆ ಎನ್ನುವುದು ನುಂಗಿದ ಮೇಲೆ ನೆನಪಾಗುತ್ತಿತ್ತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ, ಬರೆಯುವುದಕ್ಕೆ ಏನೂ ಸಿಕ್ಕಿರಲಿಲ್ಲ.

ನಿನ್ನೆ ಸಿಕ್ಕಿತು. ಭಟ್ಟಿಯಕ್ಕ ಉದ್ದ ಹಿಡಿಯ ಹಲಗೆಯಲ್ಲಿ ಮೊದಲ ಬ್ರೆಡ್ ಎತ್ತಿ ಮೇಜಿಗಿಟ್ಟ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು. ಹಿಟ್ಟಿನ ಯಂತ್ರ ನಿಂತಿತು. ಭಟ್ಟಿಯ ನೆತ್ತಿಯ ಮೇಲೆ ಹಗಲೆಲ್ಲ ಗೊರಗೊರ ಅನ್ನುವ ನಿನ್ನ ಆ ದೊಡ್ಡ ಫ್ಯಾನ್ ನಿಂತಿತು. ಒಳಗೆ ಒಮ್ಮೆಲೇ ಅಷ್ಟು ನಿಶ್ಶಬ್ದ. ಆಗ ಕೇಳಿಸಿತು ದೊಡ್ಡಮ್ಮ. ಬ್ರೆಡ್ ಸದ್ದು ಮಾಡುತ್ತಿತ್ತು!

ಚಿಟ್. ಆಮೇಲೆ ಚಿಟ್ ಚಿಟ್. ಆಮೇಲೆ ಮೇಲೆಲ್ಲ ಚಿಟಿಚಿಟಿಚಿಟಿ. ಒಣಗಿದ ಎಲೆಗಳ ಮೇಲೆ ಇರುವೆಗಳು ಚಪ್ಪಲಿ ಹಾಕಿಕೊಂಡು ನಡೆದ ಹಾಗೆ. ನಾನು ಬಗ್ಗಿ ಕಿವಿ ಕೊಟ್ಟೆ. ಕೆನ್ನೆಗೆ ಬಿಸಿ ತಾಗಿತು. ಮೇಲಿನ ಗಟ್ಟಿ ಪದರ ಗಾಳಿಗೆ ಆರುತ್ತಾ ಬಿರುಕು ಬಿಡುತ್ತಿತ್ತು, ಕೂದಲೆಳೆಯಂಥ ಬಿರುಕು, ನೋಡುತ್ತಿದ್ದ ಹಾಗೇ ಒಂದು ಇನ್ನೊಂದನ್ನು ಹೋಗಿ ಸೇರುತ್ತಿತ್ತು. ಪೈಲ್ವಾನನೂ ಬಗ್ಗಿದ. ಭಟ್ಟಿಯಕ್ಕನೂ ಬಗ್ಗಿದಳು. ಗಾಜಿನಾಚೆ ಇದ್ದ ಸಾಲಿಗೆ ನಾವು ಬ್ರೆಡ್ಡಿಗೆ ಗುಟ್ಟು ಹೇಳುತ್ತಿರುವ ಹಾಗೆ ಕಂಡಿರಬೇಕು. ಪೈಲ್ವಾನ ಪಿಸುಗುಟ್ಟಿದ, "ಅಕ್ಕಾ, ಇದು ನನಗಿಂತ ಚೆನ್ನಾಗಿ ಹಾಡುತ್ತೆ."

ಸದ್ದು ನಿಂತ ಮೇಲೆ ಮುರಿದೆವು. ಒಳಗೆ ಇನ್ನೂ ಹಬೆಯಾಡುತ್ತಿತ್ತು. ಭಟ್ಟಿಯಕ್ಕ ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಾಳೆ, ನಿನಗೆ ಗೊತ್ತಿರುತ್ತದೆ. ಪೈಲ್ವಾನ ಒಳಗಿನ ಮೆತ್ತನೆಯದನ್ನು ತಿಂದು ಗಟ್ಟಿ ಪದರವನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ, ಕೆಲಸ ಮುಗಿದ ಮೇಲೆ ನಡೆದು ಹೋಗುವಾಗ ಅಗಿಯುವುದಕ್ಕಂತೆ. ಅದನ್ನು ನಾನು ನೋಡಿದ್ದು ನಿನ್ನೆಯೇ ಮೊದಲು. ಎರಡು ತಿಂಗಳಿಂದ ಅವನ ಎದುರೇ ಇದ್ದೇನೆ! ಬ್ರೆಡ್ ಮೊದಲು ಸ್ವಲ್ಪ ಕಹಿ, ಭಟ್ಟಿಯ ಕಪ್ಪು ತಾಗಿದಲ್ಲಿ. ಆಮೇಲೆ ಉಪ್ಪು. ಅಗಿಯುತ್ತಾ ಹೋದರೆ ಕೊನೆಯಲ್ಲಿ ತೀರಾ ಸಣ್ಣ ಸಿಹಿ, ಸಕ್ಕರೆಯದಲ್ಲ, ಗೋಧಿಯದೇ. ಬೇಗ ನುಂಗಿದರೆ ಆ ಸಿಹಿ ಸಿಗುವುದೇ ಇಲ್ಲ. ನನಗೆ ಇದುವರೆಗೆ ಸಿಕ್ಕಿರಲೇ ಇಲ್ಲ.

ಗೋದಾಮಿನಲ್ಲಿ ನಾನು ದಿನಾ ಮಧ್ಯಾಹ್ನ ಏನು ತಿನ್ನುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋದೆ. ಒಂದು ಊಟವೂ ನೆನಪಿಗೆ ಬರಲಿಲ್ಲ. ಅಷ್ಟು ವರ್ಷ ನನ್ನ ಊಟ ಯಾರು ಉಂಡರೋ.

ನಿನ್ನನ್ನು ನಾನು ಕೆಲಸಗಾತಿ ಎಂದು ಮೆಚ್ಚಿಕೊಂಡಿದ್ದೆ. ಅಷ್ಟು ಕೆಲಸದ ನಡುವೆ ಚಿಲಕ ಹಾಕಿಕೊಂಡು ನಿಲ್ಲುವ ಧೈರ್ಯ ನಿನಗಿತ್ತಲ್ಲ, ಅದು ನನಗೆ ಕಂಡಿರಲಿಲ್ಲ. ನಾನು ಯಾರ ಮುಂದೆಯೂ ತಲೆಬಾಗುವವಳಲ್ಲ ಎಂದು ನಿನಗೆ ಗೊತ್ತು. ನಿನಗೂ ದೊಡ್ಡಪ್ಪನಿಗೂ ತಲೆಬಾಗಿದ್ದೇನೆ.

ನಿನ್ನ,
ಓಟ ನಿಲ್ಲಿಸಿದವಳು


ಮೇ ೧೧

ಓಟಗಾತಿ,

ಸದ್ದೇ? ಯಾವ ಸದ್ದು?

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಇಡೀ ಆಯುಸ್ಸು ಆ ಮೇಜಿನ ಮುಂದೆ ಕಳೆದವಳು ನಾನು. ಬೆಂದಿದೆಯೋ ಎಂದು ತಳ ತಟ್ಟಿ ನೋಡಿದ್ದೇನೆ, ಆ ಟೊಳ್ಳು ಸದ್ದು ಗೊತ್ತು. ಅದು ತಾನಾಗಿ ಹಾಡುತ್ತದೆ ಎಂದು ಗೊತ್ತೇ ಇರಲಿಲ್ಲ. ಫ್ಯಾನು ಹಾಕಿದ ದಿನದಿಂದ ಅದರ ಗೊರಗೊರ, ಅದಕ್ಕೆ ಮೊದಲು ನಿನ್ನ ದೊಡ್ಡಪ್ಪನ ಗೊರಗೊರ. ಅದೂ ಅಲ್ಲದೆ ಆ ವಾಸನೆ ಎಷ್ಟು ದೊಡ್ಡದಿತ್ತೆಂದರೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಹೊಟ್ಟೆಕಿಚ್ಚಾಗುತ್ತಿದೆ ಕಣೇ. ನನ್ನ ಬ್ರೆಡ್ ನಿನ್ನ ಹತ್ತಿರ ಮಾತಾಡಿದೆ!

ತಡೆಯಲಾರದೆ ನಿನ್ನ ಅಮ್ಮನ ಪುಟ್ಟ ಓವನ್ನಿನಲ್ಲಿ ಒಂದು ಬ್ರೆಡ್ ಮಾಡಿ ಕಿವಿಗೆ ಹಿಡಿದೆ. ಅದು ಮೂಕ. ನಿನ್ನ ಅಮ್ಮ ನೋಡಿ, "ಅಕ್ಕಾ, ಮೂಗು ಹೋಗಿದ್ದಲ್ವಾ, ಕಿವೀಲಿ ಯಾಕೆ ತಿಂತಿದೀಯ?" ಎಂದಳು.

ಈಗ ಬೇರೆ ವಿಷಯ. ಡಾಕ್ಟರು ನಿನ್ನೆ ಮತ್ತೆ ಪರೀಕ್ಷೆ ಮಾಡಿದರು. ಒಳ್ಳೆಯವರು, ಸುತ್ತಿ ಬಳಸಿ ಹೇಳಲಿಲ್ಲ. ಇಷ್ಟು ದಿನದಲ್ಲಿ ಏನೂ ಬಂದಿಲ್ಲ, ಇನ್ನು ಬರುವ ಆಸೆ ಕಡಿಮೆ, ಇಟ್ಟುಕೊಳ್ಳಬೇಡಿ ಎಂದರು. ನಾನು ತಲೆಯಾಡಿಸಿ ಬಂದೆ. ಮಾರುವುದು ಎಂದು ತೀರ್ಮಾನಿಸಿದ್ದೇನೆ. ಜೂನ್ ಮುಗಿಯಲಿ, ಫೋನ್ ಅಂಗಡಿಯವನಿಗೆ ನಾನೇ ಬಂದು ಹೇಳುತ್ತೇನೆ. ಪೈಲ್ವಾನನಿಗೂ ಭಟ್ಟಿಯಕ್ಕನಿಗೂ ಬೇರೆ ಕಡೆ ಕೆಲಸ ನೋಡಬೇಕು, ಅದು ನನ್ನ ಹೊಣೆ. ಅಲ್ಲಿಯವರೆಗೆ ಅವರಿಗೆ ಹೇಳಬೇಡ.

ಇನ್ನು ಮುಂದೆ ಮೊದಲ ಬ್ರೆಡ್ಡಿನ ಬಗ್ಗೆ ಬರೆಯಬೇಡ. ಚೆನ್ನಾಗಿ ಬರೆದೆ, ಅದಕ್ಕೇ ಬೇಡ ಅನ್ನುವುದು.

ದೊಡ್ಡಮ್ಮ


ಜೂನ್ ೧

ದೊಡ್ಡಮ್ಮ,

ಬರೆಯಬೇಡ ಎಂದೆ, ಹಾಗಾಗಿ ಬ್ರೆಡ್ಡಿನ ಬಗ್ಗೆ ಬರೆಯುವುದಿಲ್ಲ. ಫ್ಯಾನಿನ ಬಗ್ಗೆ ಬರೆಯುತ್ತೇನೆ.

ಈಗ ಕರೆಂಟು ಹೋಗುವುದನ್ನು ಕಾಯುವುದಿಲ್ಲ. ಭಟ್ಟಿಯಕ್ಕ ಹಲಗೆ ಎತ್ತಿದ ಕೂಡಲೇ ಪೈಲ್ವಾನ ಫ್ಯಾನ್ ಆರಿಸುತ್ತಾನೆ. ಮೊದಲ ದಿನ ಸಾಲಿನವರಿಗೆ ಗಾಬರಿ. ಏನೆಂದು ಮೇಷ್ಟ್ರು ಕೇಳಿದಾಗ ಬಾಗಿಲು ಸ್ವಲ್ಪ ತೆರೆದು ಕೇಳಿಸಿದೆ. ಅವರು ಹಿಂದೆ ತಿರುಗಿ ಇಡೀ ಸಾಲಿಗೆ "ಶ್!" ಎಂದರು, ತರಗತಿಗೆ ಹೇಳುವ ಹಾಗೆ. ಡ್ರೈವರಮ್ಮ ಬಾಯಿ ಮುಚ್ಚಿಕೊಂಡಳು, ಮಕ್ಕಳೂ ಮುಚ್ಚಿಕೊಂಡರು. ಈಗ ದಿನಾ ನಾಲ್ಕಕ್ಕೆ ಒಳಗೂ ಹೊರಗೂ ಎಲ್ಲರೂ ಸುಮ್ಮನಾಗುತ್ತಾರೆ. ಬೀದಿಯಲ್ಲಿ ಹೋಗುವವರು ಇಲ್ಲಿ ಯಾರಿಗೇನಾಯಿತು ಎಂದು ನಿಂತು ನೋಡುತ್ತಾರೆ.

ಮಾರುವುದು ಬಿಡುವುದು ನಿನ್ನ ಇಷ್ಟ, ನಾನು ಗೋಗರೆಯುವುದಿಲ್ಲ. ಭಟ್ಟಿಯಕ್ಕನಿಗೂ ಏನೂ ಹೇಳಿಲ್ಲ, ಆದರೂ ಅವಳಿಗೆ ಗೊತ್ತು. ನಿನ್ನೆ ಬೆಂಕಿ ನೋಡುತ್ತಲೇ ಅಂದಳು, "ಸೀಯೋದು ನೋಡ್ಕೊಳ್ಳೋಕೆ ನಂಗೊಂದು ಮೂಗಿದೆ. ಉಪ್ಪು ನೋಡೋಕೆ ಪೈಲ್ವಾನಂದು ನಾಲಿಗೆ ಇದೆ. ಯಜಮಾನಮ್ಮ ಅಷ್ಟನ್ನೂ ತಮ್ಮ ಮುಖದಲ್ಲೇ ಇಟ್ಕೊಂಡಿರ್ಬೇಕಾ?"

ಮಾರುವ ಮೊದಲು ಒಂದು ಸಂಜೆ ಬಂದು ಕಿವಿ ಕೊಡು. ಅಷ್ಟೇ ಕೇಳುತ್ತೇನೆ. ಅದು ನಿನ್ನ ಬ್ರೆಡ್, ಅದರ ಮಾತನ್ನು ನಾನೊಬ್ಬಳೇ ಕೇಳಿಸಿಕೊಳ್ಳುವುದು ನ್ಯಾಯವಲ್ಲ.

ನಿನ್ನ ಓಟಗಾತಿ


ಜುಲೈ ೮

ನನ್ನ ದೊಡ್ಡಮ್ಮನಿಗೆ,

ಗೋದಾಮಿಗೆ ಮರಳಿ ಒಂದು ವಾರವಾಯಿತು. ಪೆಟ್ಟಿಗೆಗಳು ಅವೇ, ಅವಸರವೂ ಅದೇ. ಮಧ್ಯಾಹ್ನ ಕಂಪ್ಯೂಟರ್ ಮುಚ್ಚಿ ಹಿಂಬಾಗಿಲ ಬೆಂಚಿನ ಮೇಲೆ ಕೂತು ಉಣ್ಣುತ್ತೇನೆ. ಮೊದಲ ದಿನ ಎಲ್ಲರೂ ಹುಷಾರಿಲ್ಲವೇ ಎಂದು ಕೇಳಿದರು. ಮೊನ್ನೆಯಿಂದ ಲಾರಿಗೆ ಪೆಟ್ಟಿಗೆ ತುಂಬುವ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂರುತ್ತಾಳೆ. ನಿನ್ನೆಯ ಊಟ ನನಗೆ ನೆನಪಿದೆ, ಬೇಕಾದರೆ ಹೇಳುತ್ತೇನೆ.

ನೀನು ಬಂದ ಆ ಸಂಜೆಯ ಬಗ್ಗೆ ನಾವಿಬ್ಬರೂ ಮಾತಾಡಲೇ ಇಲ್ಲ. ಹೇಳದೆ ಕೇಳದೆ ಬಂದೆ, ಅದೂ ಗಿರಾಕಿಗಳ ಸಾಲಿನ ಕೊನೆಯಲ್ಲಿ ನಿಂತೆ. ಮೇಷ್ಟ್ರು ನೋಡದಿದ್ದರೆ ಬ್ರೆಡ್ ಕೊಂಡು ಹೋಗಿಬಿಡುತ್ತಿದ್ದೆಯೋ ಏನೋ. ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು. ಪೈಲ್ವಾನ ಫ್ಯಾನ್ ಆರಿಸಿದ. ನೀನು ಎರಡೂ ಕೈಯಲ್ಲಿ ಬ್ರೆಡ್ ಎತ್ತಿ, ಅಷ್ಟು ಸುಡುತ್ತಿದ್ದರೂ, ಕಿವಿಗೆ ಹಿಡಿದೆ. ನಾನು ನಿನ್ನ ಮುಖ ನೋಡುತ್ತಿದ್ದೆ. ಅದು ಹಾಡಿ ಮುಗಿಸುವವರೆಗೂ ನೀನು ಕೆಳಗಿಡಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ನನಗೆ ಹೇಳಿದ್ದು ಒಂದೇ ಮಾತು, "ಆ ಫೋನ್ ಅಂಗಡಿಯವನಿಗೆ ಒಂದು ಬ್ರೆಡ್ ಕೊಟ್ಟು ಬಾ. ನನ್ನ ಉತ್ತರ ಅಷ್ಟೇ ಅನ್ನು." ಕೊಟ್ಟು ಬಂದೆ. ಅವನು ನಗುತ್ತಾ ತೆಗೆದುಕೊಂಡ. ಈಗ ಅವನೂ ಸಾಲಿನಲ್ಲಿ ನಿಲ್ಲುತ್ತಾನೆಂದು ಭಟ್ಟಿಯಕ್ಕ ಫೋನ್ ಮಾಡಿದಾಗ ಹೇಳಿದಳು. ಆ ಫೋನನ್ನು ನಾನು ಸುಮ್ಮನೆ ಕೂತು ಕೇಳಿದೆ, ಬೇರೇನೂ ಮಾಡಲಿಲ್ಲ.

ಇನ್ನು ಬರೆಯುವ ಸರದಿ ನಿನ್ನದು. ಮೊದಲ ಬ್ರೆಡ್ ಹೇಗಿತ್ತು? "ಚೆನ್ನಾಗಿತ್ತು" ಎಂದು ಬರೆದರೆ ಪತ್ರ ವಾಪಸು ಕಳಿಸುತ್ತೇನೆ.

ಓಟಗಾತಿ


ಜುಲೈ ೧೬

ನನ್ನ ಓಟಗಾತಿಗೆ,

ಕಲಿಸಿದವಳಿಗೇ ಪಾಠ ಹೇಳುತ್ತೀಯಾ? ಸರಿ, ಕೇಳು.

ಇವತ್ತು ಸಂಜೆ ಮೋಡವಿತ್ತು. ಪೈಲ್ವಾನ ಬೇಸಿಗೆಯ ಹಾಡೋ ಚಳಿಯ ಹಾಡೋ ತಿಳಿಯದೆ ಎರಡನ್ನೂ ಬೆರೆಸಿ ಹಾಡಿದ. ಹಿಟ್ಟು ಸ್ವಲ್ಪ ಸೋಮಾರಿಯಾಗಿ ಉಬ್ಬಿತು. ಬ್ರೆಡ್ ಸೀಯುವ ಹೊತ್ತು ಹತ್ತಿರ ಬಂದರೆ ಭಟ್ಟಿಯಕ್ಕ ನನ್ನ ತೋಳು ಮುಟ್ಟುತ್ತಾಳೆ. ನಾನು ಹಲಗೆ ಹಿಡಿಯುತ್ತೇನೆ. ಮೊದಲನೆಯದು ಗುಂಡಗೆ, ಒಂದು ಕಡೆ ಕೊಂಚ ಹೆಚ್ಚು ಕೆಂಪಗೆ, ನಿನ್ನ ಅಮ್ಮನ ಕೆನ್ನೆಯ ಹಾಗೆ ಬಂತು.

ಫ್ಯಾನ್ ಆರಿಸಿದೆವು. ಸಾಲು ಸುಮ್ಮನಾಯಿತು. ಇವತ್ತು ಬ್ರೆಡ್ ಮೆಲ್ಲಗೆ ಶುರು ಮಾಡಿ, ನಡುವೆ ಒಮ್ಮೆ ನಿಂತು, ಮತ್ತೆ ಜೋರಾಗಿ ಹಾಡಿತು. 'ಇದು ನಮ್ದು' ಎಂದು ಚಿಲಕ ಹಾಕಿದವರು ನೆನಪಾದರು. ಎಷ್ಟು ವರ್ಷ ನಾವಿಬ್ಬರೂ ಇದರ ಪಕ್ಕದಲ್ಲೇ ನಿಂತಿದ್ದೆವು. ಅವರಿಗೂ ಕೇಳಿಸಬೇಕಿತ್ತು.

ಮುರಿದಾಗ ಹಬೆ ಮುಖಕ್ಕೆ ಬಂತು. ಅಭ್ಯಾಸಬಲ, ಎದೆ ತುಂಬ ಉಸಿರೆಳೆದೆ. ಬೆಚ್ಚಗಿತ್ತು, ಮತ್ತೇನೂ ಇರಲಿಲ್ಲ. ಬೇಸರವಾಗುತ್ತದೆ ಕಣೇ, ದಿನಾ ಆಗುತ್ತದೆ. ಆದರೂ ಸೀಸೆಗಳನ್ನು ಎಸೆದಿಲ್ಲ, ದಿನಾ ಮೂಸುತ್ತೇನೆ. ಆಮೇಲೆ ಅಗಿದೆ. ಮೊದಲು ಕರಕರ, ಆಮೇಲೆ ಮೆತ್ತಗೆ, ಒಳಗಿನ ಬಿಸಿ ಗಂಟಲಿಗೆ ಇಳಿದು ಎದೆಯವರೆಗೂ ಹೋಯಿತು. ನೀನು ಬರೆದಿದ್ದ ಆ ಸಿಹಿಗಾಗಿ ಕಾದು ಅಗಿದೆ. ಬರಲಿಲ್ಲ, ಆದರೆ ಅದು ಬರುವ ಜಾಗ ಯಾವುದೆಂದು ನಿನ್ನ ಪತ್ರದಿಂದ ಗೊತ್ತಲ್ಲ, ಅಲ್ಲಿಯವರೆಗೂ ನುಂಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ತಲೆಯೆತ್ತಿ ಉಳಿದವರ ಮುಖ ನೋಡಿದೆ. ಪೈಲ್ವಾನನ ದವಡೆ ನಿಧಾನವಾಯಿತು. ಭಟ್ಟಿಯಕ್ಕ ಮುಚ್ಚಿದ ಕಣ್ಣು ತೆರೆದು ನನ್ನನ್ನು ನೋಡಿ ತಲೆಯಾಡಿಸಿದಳು.

ಉಪ್ಪು ಸರಿಯಾಗಿತ್ತಂತೆ.

ನಿನ್ನ,
ದೊಡ್ಡಮ್ಮ